ಹಂಸಗಳಿಗೆ ರೆಕ್ಕೆ ಬರೆಯುವ ಮಕ್ಕಳು

ಮನೆಯಲ್ಲಿ ಕಥೆ ಹೇಳುವವರು ಕಡಿಮೆಯಾದರು, ಕಥೆ ತೋರಿಸುವ ಪೆಟ್ಟಿಗೆಗಳು ಹೆಚ್ಚಾದವು ಎಂಬ ಕೊರಗು ಇಂದು ಯಾವ ಮನೆಯಲ್ಲಿ ಇಲ್ಲ? ಊಟದ ತಟ್ಟೆಯ ಮುಂದೆ ಕುಳಿತ ಮಗುವಿಗೆ ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಮೊಬೈಲು. ತೆರೆಯ ಮೇಲೆ ಓಡಾಡುವ ಬೊಂಬೆಗಳು ಯಾವ ದೇಶದವೋ, ಅವು ಆಡುವ ಮಾತು ಯಾರದೋ! ಈ ಕೊರಗನ್ನು ಮತ್ತೊಮ್ಮೆ ತೋಡಿಕೊಳ್ಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಆದುದರಿಂದ ಈ ಸಲ, ಅದೇ ತೆರೆಯನ್ನು, ಅದೇ ಚಲಿಸುವ ಚಿತ್ರವನ್ನು ಅಜ್ಜಿಯ ಕಥೆಯ ಸೇವೆಗೆ ಹಚ್ಚಿರುವ ಒಂದು ಪುಟ್ಟ ದೇಶದ ಸಂಗತಿಯನ್ನು ಓದುಗ ಬಂಧುಗಳ ಮುಂದಿಡಬೇಕೆನಿಸಿದೆ. ಆ ದೇಶ ಐರ್ಲೆಂಡ್. ಅಲ್ಲಿ ಅನೇಕ ಶಾಲೆಗಳ ಚಿತ್ರಕಲೆಯ ತರಗತಿಗಳಲ್ಲಿ ಮಕ್ಕಳು ತಮ್ಮ ನಾಡಿನ ಹಳೆಯ ಜನಪದ ಕಥೆಗಳಿಗೆ ಕಾಗದ, ಕತ್ತರಿ, ಬಣ್ಣ ಮತ್ತು ಒಂದು ಕ್ಯಾಮೆರಾದ ನೆರವಿನಿಂದ ಚಲನೆ ಕೊಡುತ್ತಾರೆ. ಇದಕ್ಕೆ ಅನಿಮೇಷನ್ ಎಂದು ಹೆಸರು. ಹೆಸರು ಹೊಸದು, ಕೆಲಸ ಮಾತ್ರ ತಾಳ್ಮೆಯದು, ನೇಯ್ಗೆಯಷ್ಟೇ ನಿಧಾನದ್ದು.

ಚಿತ್ರದ ಪಾಠಕ್ಕೆ ಮೊದಲು ಕಥೆಗಳ ಪಾಡನ್ನು ತಿಳಿಯಬೇಕು. 1845ರಿಂದ 1852ರವರೆಗೆ ಐರ್ಲೆಂಡನ್ನು ಕಾಡಿದ ಆಲೂಗಡ್ಡೆ ಬೆಳೆಯ ರೋಗ ಮತ್ತು ಅದರಿಂದಾದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಸಂಖ್ಯೆಯ ಜನ ಹಡಗು ಹತ್ತಿ ದೇಶ ಬಿಟ್ಟರು. ಸತ್ತವರಲ್ಲಿ, ಹೋದವರಲ್ಲಿ ಬಹುಪಾಲು ಬಡವರು. ಐರಿಷ್ ಭಾಷೆಯನ್ನಾಡುತ್ತಿದ್ದ ಹಳ್ಳಿಗರು. ಅವರೊಡನೆ ಎಷ್ಟು ಕಥೆಗಳು ಮಣ್ಣಾದವೋ ಲೆಕ್ಕವಿಟ್ಟವರಿಲ್ಲ. ಉಳಿದವರೂ ಹೊಟ್ಟೆಪಾಡಿಗಾಗಿ ಇಂಗ್ಲಿಷಿಗೆ ತಿರುಗಿದರು. ಕಥೆಗಾರನಿಗೆ ಅವರ ಭಾಷೆಯಲ್ಲಿ ಶೆನಖೀ ಎನ್ನುತ್ತಾರೆ. ಚಳಿಗಾಲದ ರಾತ್ರಿಗಳಲ್ಲಿ, ಜೌಗು ನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆಗಳು ಉರಿಯುವ ಒಲೆಯ ಬಳಿ ಕುಳಿತು ಆತ ಕಥೆ ಹೇಳುತ್ತಿದ್ದ, ಊರು ಕೇಳುತ್ತಿತ್ತು. ಕೇಳುವ ಮಂದಿ ಕರಗಿದಂತೆ ಹೇಳುವ ಬಾಯಿಯೂ ಮೌನವಾಯಿತು.

ಸ್ವತಂತ್ರವಾದ ಮೇಲೆ ಆ ನಾಡಿನವರು ಎಚ್ಚೆತ್ತು 1935ರಲ್ಲಿ ಐರಿಷ್ ಜನಪದ ಆಯೋಗವೊಂದನ್ನು ಸ್ಥಾಪಿಸಿದರು. ಅದರ ಮುಂದಾಳು ಷೇಮಸ್ ಓ ಡೂಲರ್ಗ ಎಂಬ ವಿದ್ವಾಂಸರು. ಆಯೋಗದ ಸಂಗ್ರಾಹಕರು ಎಡಿಫೋನ್ ಎಂಬ ಭಾರವಾದ ಯಂತ್ರವನ್ನು ಹೊತ್ತು ಹಳ್ಳಿ ಹಳ್ಳಿ ಅಲೆದರು. ಮೇಣದ ಉರುಳೆಯ ಮೇಲೆ ಮುದುಕರ ದನಿಯನ್ನು ಹಿಡಿದರು. ಅದನ್ನು ಕೇಳಿ ಕೇಳಿ ಅಕ್ಷರಕ್ಕಿಳಿಸಿದರು. ಇಲ್ಲೊಂದು ಸಂಕಟದ ಸಂಗತಿಯುಂಟು. ಆಯೋಗದ ಬಳಿ ಹಣವಿರಲಿಲ್ಲ. ಹೊಸ ಉರುಳೆ ಕೊಳ್ಳುವ ಶಕ್ತಿಯಿಲ್ಲದೆ, ಬರೆದುಕೊಂಡ ಮೇಲೆ ಆ ಮೇಣವನ್ನು ಕೆರೆದು ಮತ್ತೆ ಬಳಸಬೇಕಾಯಿತು. ಕಥೆಯ ಮಾತು ಉಳಿಯಿತು, ಹೇಳಿದವರ ದನಿ ಹೋಯಿತು. ಹೇಳುವಾಗ ಎಲ್ಲಿ ನಿಂತರು, ಎಲ್ಲಿ ಉಸಿರೆಳೆದರು, ರಾಕ್ಷಸ ಬಂದಾಗ ಕಣ್ಣು ಹೇಗೆ ಅರಳಿತು ಎಂಬುದನ್ನು ಕಾಗದವು ಹೇಳಲಾರದು. ಇಂದು ಮಕ್ಕಳು ಕಥೆಗೆ ಚಲನೆ ಕೊಡುವಾಗ ಹುಡುಕಬೇಕಾದುದು ಹೀಗೆ ಕೆರೆದುಹೋದ ಭಾಗವನ್ನೇ ಎಂದು ನನಗೆ ಅನ್ನಿಸುತ್ತದೆ.

ಇದಕ್ಕಿಂತಲೂ ಸೋಜಿಗದ ಕೆಲಸ 1937ರಲ್ಲಿ ನಡೆಯಿತು. ಆಯೋಗವು ಶಿಕ್ಷಣ ಇಲಾಖೆಯೊಡನೆ ಕೂಡಿ ನಾಡಿನ ಪ್ರಾಥಮಿಕ ಶಾಲೆಗಳ ಹಿರಿಯ ತರಗತಿಯ ಮಕ್ಕಳಿಗೆ ಒಂದು ಕಾಯಕವನ್ನು ವಹಿಸಿತು. ವಾರದ ಪ್ರಬಂಧಕ್ಕೆ ಬದಲಾಗಿ, ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು, ನೆರೆಯ ವೃದ್ಧರನ್ನು ಕೇಳಿ, ಅವರು ಹೇಳಿದುದನ್ನು ಬರೆದು ತರಬೇಕು. ಹೂತಿಟ್ಟ ನಿಧಿಯ ಕಥೆ, ಮನೆಮದ್ದು, ಹಬ್ಬದ ಆಚರಣೆ, ಮಳೆಯ ಶಕುನ, ಪವಿತ್ರ ಬಾವಿ, ಬರಗಾಲದ ನೆನಪು, ಬೆಣ್ಣೆ ಕಡೆಯುವ ಬಗೆ, ಏನೆಲ್ಲ ಇದ್ದರೂ ಸರಿ. ಏನನ್ನು ಕೇಳಬೇಕೆಂದು ತಿಳಿಸುವ ಕೈಪಿಡಿಯನ್ನು ಶಾನ್ ಓ ಸೂಲಿವಾನ್ ಎಂಬ ವಿದ್ವಾಂಸರು ಸಿದ್ಧಪಡಿಸಿ ಕೊಟ್ಟರು. 1939ರವರೆಗೆ ನಡೆದ ಈ ಕೆಲಸದಲ್ಲಿ 26 ಕೌಂಟಿಗಳ ಸುಮಾರು 5,000 ಶಾಲೆಗಳು ಪಾಲ್ಗೊಂಡವು. ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳು ಬರೆದು ಕೂಡಿಸಿದ ಪುಟಗಳು ಸುಮಾರು 7 ಲಕ್ಷ 40 ಸಾವಿರ! ಒಂದು ದೇಶದ ನೆನಪನ್ನು ಆ ದೇಶದ ಮಕ್ಕಳೇ ಬರೆದಿಟ್ಟ ಇಂತಹ ಉದಾಹರಣೆ ವಿರಳ. ಆ ಪುಟಗಳು ಇಂದು ಡಬ್ಲಿನ್ ವಿಶ್ವವಿದ್ಯಾಲಯ ಕಾಲೇಜಿನ ರಾಷ್ಟ್ರೀಯ ಜನಪದ ಸಂಗ್ರಹದಲ್ಲಿವೆ. ಆಯೋಗದ ಸಂಗ್ರಹವು 2017ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೂ ಸೇರಿತು.

ಈ ಸಂಗ್ರಹದ ಮೇಲೆ ನಿಂತು ನೋಡಿದರೆ ಚಿತ್ರಕಲೆಯ ತರಗತಿಯ ಕೆಲಸವು ಹೊಸ ಹುಚ್ಚು ಎನ್ನಿಸುವುದಿಲ್ಲ. ಮುತ್ತಜ್ಜಿ ಹುಡುಗಿಯಾಗಿದ್ದಾಗ ಲೇಖನಿಯಿಂದ ಮಾಡಿದುದನ್ನು ಮರಿಮಗಳು ಬಣ್ಣದ ಕಾಗದದಿಂದ ಮುಂದುವರಿಸುತ್ತಿದ್ದಾಳೆ, ಅಷ್ಟೇ. 1999ರಲ್ಲಿ ಬಂದ ಅಲ್ಲಿನ ಪ್ರಾಥಮಿಕ ಪಠ್ಯಕ್ರಮವು ದೃಶ್ಯಕಲೆಯನ್ನು ರೇಖಾಚಿತ್ರ, ಬಣ್ಣ, ಅಚ್ಚು, ಜೇಡಿಮಣ್ಣು, ರಚನೆ, ಬಟ್ಟೆ ಮತ್ತು ನಾರು ಎಂದು ಆರು ಭಾಗ ಮಾಡಿತು. ಅನಿಮೇಷನ್ ಅದರಲ್ಲಿ ಬೇರೆ ಭಾಗವಾಗಿರಲಿಲ್ಲ. ಆದರೆ ಬಲ್ಲ ಶಿಕ್ಷಕರು ಈ ಆರನ್ನೂ ಒಂದೇ ಕಥೆಯೊಳಗೆ ತರಬಹುದೆಂದು ಕಂಡುಕೊಂಡರು.

ಇದಕ್ಕೆ ಆ ನಾಡಿನ ಚಿತ್ರೋದ್ಯಮವೂ ಬೆನ್ನೆಲುಬಾಯಿತೆಂಬುದನ್ನು ಮರೆಯುವಂತಿಲ್ಲ. 1986ರಲ್ಲಿ ಅಮೆರಿಕದ ಡಾನ್ ಬ್ಲೂತ್ ಎಂಬ ಅನಿಮೇಷನ್ ನಿರ್ದೇಶಕರು ತಮ್ಮ ಕಾರ್ಯಾಗಾರವನ್ನು ಡಬ್ಲಿನ್ನಿಗೆ ತಂದರು. ಅದಕ್ಕೆ ಬೇಕಾದ ಕೈಗಳನ್ನು ಪಳಗಿಸಲೆಂದು ಬ್ಯಾಲಿಫರ್ಮಟ್ ಎಂಬಲ್ಲಿನ ಕಾಲೇಜಿನಲ್ಲಿ ತರಬೇತಿ ಆರಂಭವಾಯಿತು. 1995ರ ಹೊತ್ತಿಗೆ ಬ್ಲೂತರ ಕಾರ್ಯಾಗಾರ ಮುಚ್ಚಿತು. ಕಲಿತ ಕೈಗಳು ಮಾತ್ರ ಉಳಿದವು. ಆ ಕಾಲೇಜಿನಲ್ಲಿ ಕಲಿತ ಟಾಮ್ ಮೂರ್, ಪಾಲ್ ಯಂಗ್ ಮತ್ತು ಅವರೊಡನೆ ನೋರಾ ಟೂಮಿ ಎಂಬಾಕೆ 1999ರಲ್ಲಿ ಕಿಲ್ಕೆನ್ನಿ ಎಂಬ ಸಣ್ಣ ಊರಿನಲ್ಲಿ ಕಾರ್ಟೂನ್ ಸಲೂನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಇವರ 'ದಿ ಸೀಕ್ರೆಟ್ ಆಫ್ ಕೆಲ್ಸ್' 2009ರಲ್ಲಿ, 'ಸಾಂಗ್ ಆಫ್ ದಿ ಸೀ' 2014ರಲ್ಲಿ, 'ವುಲ್ಫ್‌ವಾಕರ್ಸ್' 2020ರಲ್ಲಿ ಹೊರಬಂದವು. ಮೂರೂ ಐರ್ಲೆಂಡಿನ ಪುರಾಣ, ಜನಪದದಿಂದ ಎದ್ದವು. ಮೂರೂ ಆಸ್ಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಹೋದವು. ಹಾಲಿವುಡ್ಡಿನ ಗೊಂಬೆಗಳ ಪಡಿಯಚ್ಚನ್ನು ಇವರು ಬಳಸಲಿಲ್ಲ. ಕ್ರಿ.ಶ. 800ರ ಸುಮಾರಿನ ಕೆಲ್ಸ್ ಗ್ರಂಥವೆಂಬ ಹಸ್ತಪ್ರತಿಯ ಹೆಣಿಗೆಯ ಅಲಂಕಾರ, ಅದಕ್ಕೂ ಸಾವಿರಾರು ವರ್ಷ ಹಿಂದಿನ ಕಲ್ಲುಗಳ ಮೇಲಿನ ಸುರುಳಿಯ ಕೆತ್ತನೆ, ಇವುಗಳನ್ನೇ ತಮ್ಮ ರೇಖೆಯನ್ನಾಗಿ ಮಾಡಿಕೊಂಡರು.

'ಸಾಂಗ್ ಆಫ್ ದಿ ಸೀ' ಚಿತ್ರವು ಹುಟ್ಟಿದ ಬಗೆಯನ್ನು ಟಾಮ್ ಮೂರ್ ಹಲವು ಕಡೆ ಹೇಳಿದ್ದಾರೆ. ಐರ್ಲೆಂಡಿನ ಪಶ್ಚಿಮ ಕರಾವಳಿಗೆ ಮಗನೊಡನೆ ರಜೆಗೆ ಹೋಗಿದ್ದಾಗ ಕಡಲತೀರದಲ್ಲಿ ಸತ್ತುಬಿದ್ದ ಸೀಲ್ ಪ್ರಾಣಿಗಳನ್ನು ಅವರು ಕಂಡರಂತೆ. ಮೀನು ಕಡಿಮೆಯಾದುದಕ್ಕೆ ಸೀಲ್‌ಗಳೇ ಕಾರಣವೆಂದು ಸಿಟ್ಟಾದ ಬೆಸ್ತರು ಅವನ್ನು ಕೊಂದಿದ್ದರು. ಅವರು ಇಳಿದುಕೊಂಡಿದ್ದ ಮನೆಯ ಯಜಮಾನಿಯು, ಹಿಂದೆ ಹೀಗಾಗುತ್ತಿರಲಿಲ್ಲ, ಏಕೆಂದರೆ ಸೀಲ್‌ಗಳಲ್ಲಿ ಸೆಲ್ಕಿಗಳಿರುತ್ತವೆ ಎಂದು ಜನ ನಂಬಿದ್ದರು ಎಂದಳಂತೆ. ಸೆಲ್ಕಿ ಎಂದರೆ ಚರ್ಮ ಕಳಚಿ ಮನುಷ್ಯಳಾಗಿ ದಡಕ್ಕೆ ಬರುವ ಕಡಲ ಜೀವ. ಒಂದು ಕಥೆ ಸತ್ತರೆ ಅದರೊಡನೆ ಒಂದು ದಯೆಯೂ ಸಾಯುತ್ತದೆ ಎಂಬ ಅರಿವು ಆ ಚಿತ್ರದ ಬೀಜ. ಕಥೆ ಕೇವಲ ಕಾಲಕ್ಷೇಪ ಎಂದು ತಿಳಿದವರು ಈ ಸೀಲ್‌ಗಳನ್ನೊಮ್ಮೆ ನೆನೆಯಲಿ.

ಇನ್ನು ತರಗತಿಯೊಳಗೆ ಬರೋಣ. ಶಿಕ್ಷಕರು ಬಹುವಾಗಿ ಆರಿಸಿಕೊಳ್ಳುವ ಕಥೆಗಳಲ್ಲಿ ಲಿರ್‌ನ ಮಕ್ಕಳ ಕಥೆಯೊಂದು. ಲಿರ್ ಎಂಬ ಒಡೆಯನಿಗೆ ನಾಲ್ವರು ಮಕ್ಕಳು: ಹಿರಿಯಳು ಫಿಯೊನುವಾಲ, ಮೂವರು ತಮ್ಮಂದಿರು. ತಾಯಿ ತೀರಿಕೊಂಡ ಮೇಲೆ ಆಕೆಯ ತಂಗಿ ಈಫಾ ಮಲತಾಯಿಯಾಗಿ ಬರುತ್ತಾಳೆ. ತಂದೆಯ ಪ್ರೀತಿಯೆಲ್ಲ ಮಕ್ಕಳ ಪಾಲಾಯಿತೆಂದು ಕರುಬಿ, ಅವರನ್ನು ಡೆರವಾರಾ ಸರೋವರದ ದಡಕ್ಕೆ ಕರೆದೊಯ್ದು, ಮಂತ್ರದಂಡದಿಂದ ಮುಟ್ಟಿ ಹಂಸಗಳನ್ನಾಗಿ ಮಾಡುತ್ತಾಳೆ. ಶಾಪದ ಅವಧಿ 900 ವರ್ಷ: ಆ ಸರೋವರದಲ್ಲಿ 300, ಸ್ಕಾಟ್ಲೆಂಡಿನ ಎದುರಿನ ಕೊರೆಯುವ ಕಡಲಿನಲ್ಲಿ 300, ಪಶ್ಚಿಮದ ಒಂದು ದ್ವೀಪದ ಬಳಿ 300. ಶಪಿಸಿದ ಕೂಡಲೇ ಈಫಾಳಿಗೆ ಪಶ್ಚಾತ್ತಾಪ, ಶಾಪವನ್ನು ಹಿಂತೆಗೆಯಲಾರಳು. ಆದರೆ ಮನುಷ್ಯರ ಮಾತನ್ನೂ ಹಾಡನ್ನೂ ಅವರಿಗೆ ಉಳಿಸಿಕೊಡುತ್ತಾಳೆ.

ಈ ಕಥೆಯಲ್ಲಿ ಅನಿಮೇಷನ್ನಿನ ಜೀವಾಳವೇ ಇದೆ: ಒಂದು ರೂಪ ಇನ್ನೊಂದಾಗುವುದು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಸಲ ತೋರಿಸಿದರೆ 12 ಚಿತ್ರ ಸಾಕು; ಕಣ್ಣು ಮೋಸಹೋಗುತ್ತದೆ. ಆದರೂ ಅರ್ಧ ನಿಮಿಷದ ಚಿತ್ರಕ್ಕೆ 360 ಚಿತ್ರಗಳು ಬೇಕಾಗುತ್ತವೆ. ಇಷ್ಟನ್ನು ಮಕ್ಕಳು ಎಲ್ಲಿ ಬರೆಯಬೇಕು! ಆದುದರಿಂದ ಮೊದಲ ಪಾಠ ಚಿಕ್ಕದು. ಹದಿಮೂರು ತೆಳು ಹಾಳೆಗಳನ್ನು ಕೊಟ್ಟು, ಮೊದಲ ಹಾಳೆಯಲ್ಲಿ ಹುಡುಗಿಯನ್ನೂ ಕೊನೆಯ ಹಾಳೆಯಲ್ಲಿ ಹಂಸವನ್ನೂ ಬರೆಯಹೇಳುತ್ತಾರೆ. ಬಳಿಕ ನಡುವಿನ ಏಳನೆಯ ಹಾಳೆ. ಅದು ಹುಡುಗಿಯೂ ಅಲ್ಲ, ಹಕ್ಕಿಯೂ ಅಲ್ಲ. ಆಮೇಲೆ ನಾಲ್ಕು ಮತ್ತು ಹತ್ತು; ಕೊನೆಗೆ ಉಳಿದವು. ಎರಡು ತುದಿಗಳನ್ನು ಗಟ್ಟಿಮಾಡಿಕೊಂಡು ನಡುವನ್ನು ತುಂಬುವ ಈ ಕ್ರಮವನ್ನೇ ದೊಡ್ಡ ಕಾರ್ಯಾಗಾರಗಳಲ್ಲಿಯೂ ಅನುಸರಿಸುತ್ತಾರೆ. ಹಾಳೆಗಳನ್ನು ಜೋಡಿಸಿ ಹೆಬ್ಬೆರಳಿನಿಂದ ಸರಸರನೆ ಬಿಟ್ಟರೆ ಹುಡುಗಿಯ ತೋಳು ಅಗಲವಾಗಿ ರೆಕ್ಕೆಯಾಗುತ್ತದೆ, ಕೊರಳು ನೀಳವಾಗುತ್ತದೆ.

ಎಲ್ಲ ಮಕ್ಕಳಿಗೂ ತೊಡಕಾಗುವುದು ಏಳನೆಯ ಹಾಳೆಯೇ. ತೋಳು ಮೊದಲು ಬದಲಾಗಬೇಕೋ, ಮುಖವೋ? ಅಂಗಿ ಎಲ್ಲಿ ಹೋಯಿತು? ನೋವಾಯಿತೇ? ಕಥೆ ಕೇಳುವಾಗ ಒಂದು ವಾಕ್ಯದಲ್ಲಿ ದಾಟಿಹೋಗುವ ಸಂಗತಿಯ ಎದುರು ಮಗು ಅರ್ಧ ಗಂಟೆ ಕುಳಿತು ಯೋಚಿಸಬೇಕಾಗುತ್ತದೆ. ಮಾತು ಉಳಿಯಿತೆಂದು ಕಥೆ ಹೇಳುತ್ತದಲ್ಲ, ಹಾಗಾದರೆ ಹದಿಮೂರು ಹಾಳೆಗಳಲ್ಲಿಯೂ ಬದಲಾಗದೆ ಉಳಿಯಬೇಕಾದುದು ಯಾವುದು ಎಂಬ ಪ್ರಶ್ನೆಯನ್ನು ಶಿಕ್ಷಕರು ಇಲ್ಲಿ ಹಾಕಬೇಕು. ಕಣ್ಣು ಎಂದು ಕೆಲವರೆಂದಾರು. ಬಾಯಿ ಎಂದು ಕೆಲವರು. ಯಾವ ಉತ್ತರವೂ ತಪ್ಪಲ್ಲ. ಆದರೆ ಪ್ರಶ್ನೆಯನ್ನು ಕೇಳದೆ ಬರೆಸಿದ ಚಿತ್ರ ಬರಿಯ ಚಮತ್ಕಾರವಾಗುತ್ತದೆ.

ಎರಡನೆಯ ಹಂತದಲ್ಲಿ ಕತ್ತರಿಸಿದ ಕಾಗದದ ಬೊಂಬೆಗಳು ಬರುತ್ತವೆ. ಬಿಳಿ ರಟ್ಟಿನಲ್ಲಿ ಹಂಸದ ಮೈ, ಕೊರಳು, ರೆಕ್ಕೆಗಳನ್ನು ಬೇರೆ ಬೇರೆ ಕತ್ತರಿಸಿ, ಕೀಲುಗಳಲ್ಲಿ ಹಿತ್ತಾಳೆಯ ಪಿನ್ನುಗಳನ್ನು ಚುಚ್ಚಿ, ಗಾಢ ನೀಲಿಯ ಹಾಳೆಯ ಮೇಲೆ ಮಲಗಿಸುತ್ತಾರೆ. ಮೇಲಿನಿಂದ ಕೆಳಕ್ಕೆ ನೋಡುವಂತೆ ಕ್ಯಾಮೆರಾವನ್ನು ಅಲುಗದ ಹಾಗೆ ನಿಲ್ಲಿಸುತ್ತಾರೆ. ಈಗ ಇದಕ್ಕೆ ಮೊಬೈಲೇ ಸಾಕು. ಒಬ್ಬರು ರೆಕ್ಕೆಯನ್ನು ಕೂದಲೆಳೆಯಷ್ಟು ಸರಿಸುವುದು, ಕೈ ಹಿಂದೆಗೆಯುವುದು, ಇನ್ನೊಬ್ಬರು ಚಿತ್ರ ತೆಗೆಯುವುದು. ಮತ್ತೆ ಸರಿಸುವುದು, ಮತ್ತೆ ತೆಗೆಯುವುದು. ಮೂರನೆಯವರು ಲೆಕ್ಕ ಬರೆಯುತ್ತಾರೆ. ಕಿಟಕಿಯ ಪರದೆಯನ್ನು ಎಳೆದು ದೀಪ ಹಚ್ಚಿಕೊಳ್ಳಲೇಬೇಕು. ಏಕೆಂದರೆ ಐರ್ಲೆಂಡಿನ ಆಕಾಶದಲ್ಲಿ ಮೋಡ ಬಂದು ಹೋಗುವುದು ಗಳಿಗೆಗೊಮ್ಮೆ. ಬೆಳಕು ಬದಲಾದರೆ ಚಿತ್ರವೆಲ್ಲ ಮಿಣುಕುತ್ತದೆ. ಇಂತಹ ಕತ್ತರಿಕೆಯ ಬೊಂಬೆಗಳಿಂದಲೇ ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಮಹಿಳೆ 1926ರಲ್ಲಿ ಒಂದು ಪೂರ್ಣ ಪ್ರಮಾಣದ ಚಿತ್ರವನ್ನು ಮಾಡಿದ್ದರು. ಆದ್ದರಿಂದ ಇದು ಮಕ್ಕಳಾಟಿಕೆ ಎಂದು ಹಗುರವಾಗಿ ಕಾಣುವಂತಿಲ್ಲ.

ಹಂಸವು ಹಾರುವುದನ್ನು ಬರೆಯಬೇಕಾದರೆ ಹಂಸವನ್ನು ನೋಡಬೇಕು. ರೆಕ್ಕೆ ಕೆಳಗೆ ಬಡಿದಾಗ ಮೈ ಮೇಲೇಳುತ್ತದೆ, ರೆಕ್ಕೆ ಮೇಲೆದ್ದಾಗ ಮೈ ತುಸು ಇಳಿಯುತ್ತದೆ. ಇದನ್ನು ಗಮನಿಸದ ಮಗುವಿನ ಹಂಸ ದಾರಕ್ಕೆ ಕಟ್ಟಿದ ಪಟದಂತೆ ತೇಲುತ್ತದೆ. ನದಿಯ ದಡಕ್ಕೆ ಹೋದರೆ ಅಲ್ಲಿ ವರ್ಷವಿಡೀ ಹಂಸಗಳಿವೆ. ಚಳಿಗಾಲದಲ್ಲಿ ಐಸ್‌ಲೆಂಡಿನಿಂದ ಇನ್ನೊಂದು ಜಾತಿಯವೂ ಬರುತ್ತವೆ. ಲಿರ್‌ನ ಮಕ್ಕಳ ನೆನಪಿನಿಂದ ಹಂಸವನ್ನು ಕೊಲ್ಲಬಾರದೆಂಬ ನಂಬಿಕೆ ಅಲ್ಲಿನ ಹಳ್ಳಿಗಳಲ್ಲಿ ಇತ್ತು. ಕಡಲಿನ 300 ವರ್ಷಗಳ ಒಂದು ರಾತ್ರಿಯ ಪ್ರಸಂಗವಂತೂ ಚಲನೆಯನ್ನೇ ಬೇಡುವುದಿಲ್ಲ. ಹಿಮಗಾಳಿಯಲ್ಲಿ ಅಕ್ಕ ಫಿಯೊನುವಾಲ ಒಬ್ಬ ತಮ್ಮನನ್ನು ಬಲ ರೆಕ್ಕೆಯ ಕೆಳಗೆ, ಒಬ್ಬನನ್ನು ಎಡ ರೆಕ್ಕೆಯ ಕೆಳಗೆ, ಒಬ್ಬನನ್ನು ಎದೆಯ ಗರಿಗಳಲ್ಲಿ ಅಡಗಿಸಿಕೊಳ್ಳುತ್ತಾಳೆ. ಎಲ್ಲವನ್ನೂ ಕುಣಿಸಬೇಕೆಂಬ ಉಮೇದಿನಲ್ಲಿರುವ ಮಕ್ಕಳಿಗೆ ಇಲ್ಲಿ ಹಿಮದ ಚುಕ್ಕೆಗಳನ್ನು ಮಾತ್ರ ಸರಿಸಿ, ಹಂಸಗಳನ್ನು ಮುಟ್ಟಬೇಡಿ ಎಂದು ಹೇಳುವ ಗುರುವೇ ಗುರು.

ಹೀಗೆಂದ ಮಾತ್ರಕ್ಕೆ ಎಲ್ಲವೂ ಸುಗಮವೆಂದು ತಿಳಿಯಬಾರದು. ಮಲತಾಯಿಯ ವಿಷಯವನ್ನೇ ನೋಡಿ. ಇಂದಿನ ತರಗತಿಯಲ್ಲಿ ಮಲತಾಯಿಯಿರುವ ಮಗುವೂ ಕುಳಿತಿರಬಹುದು. ಈಫಾಳನ್ನು ಕೋರೆಹಲ್ಲಿನ ಮಾಟಗಾತಿಯಾಗಿ ಬರೆದರೆ ಆ ಮಗುವಿನ ಮನಸ್ಸು ಏನಾದೀತು? ಕೆಲವು ಶಾಲಾಪುಸ್ತಕಗಳು ಕಥೆಯ ಚೂಪನ್ನು ಸವೆಸಿಬಿಟ್ಟಿವೆ. ಅದು ಸರಿಯಲ್ಲವೆಂದು ನನ್ನ ಭಾವನೆ. ಈಫಾ ಹುಟ್ಟಾ ದುಷ್ಟಳಲ್ಲ. ಕಥೆಯಲ್ಲೇ ಆಕೆಯ ಕರುಬೂ ಇದೆ, ಮರುಕ್ಷಣದ ಪಶ್ಚಾತ್ತಾಪವೂ ಇದೆ. ಕೈಯಲ್ಲಿನ ದಂಡ ಇಳಿಯುವ ಮುನ್ನ ಒಂದು ಕ್ಷಣ ನಡುಗಿದಂತೆ ನಾಲ್ಕು ಚಿತ್ರಗಳನ್ನು ಸೇರಿಸಿದರೆ ಸಾಕು, ಆಕೆ ರಾಕ್ಷಸಿಯಾಗಿ ಉಳಿಯದೆ ಸೋತ ಹೆಂಗಸಾಗುತ್ತಾಳೆ. ಕಥೆಯನ್ನು ತಿದ್ದಬೇಕಾಗಿಲ್ಲ, ಗಮನವಿಟ್ಟು ಓದಬೇಕು.

ಕಥೆಯ ಕೊನೆಯೂ ಕಷ್ಟದ್ದೇ. ಶಾಪ ಕಳೆದಾಗ ಅವರು ಮರಳಿ ಎಳೆಯ ಮಕ್ಕಳಾಗುವುದಿಲ್ಲ. 900 ವರ್ಷದ ಮುದಿಜೀವಗಳಾಗಿ, ದೀಕ್ಷೆ ಪಡೆದು, ಒಂದೇ ಗುಂಡಿಯಲ್ಲಿ ಮಣ್ಣಾಗುತ್ತಾರೆ. ಘಂಟೆಯ ನಾದ, ಸಂತನ ದೀಕ್ಷೆ ಇವೆಲ್ಲ ಕಥೆಯನ್ನು ಬರಹಕ್ಕಿಳಿಸಿದ ಕ್ರೈಸ್ತ ಲಿಪಿಕಾರರ ಕಾಲದ ಛಾಯೆ. ತರಗತಿಯಲ್ಲಿ ಮಕ್ಕಳು ಬಹುಮಟ್ಟಿಗೆ ಈ ಕೊನೆಯನ್ನು ಬದಲಿಸಬಯಸುತ್ತಾರೆ. ಆಡಿ ನಲಿಯುವ ನಾಲ್ವರು ಮಕ್ಕಳನ್ನು ಬರೆಯಲು ಹಟ ಹಿಡಿಯುತ್ತಾರೆ. ಡಬ್ಲಿನ್ನಿನ ಸ್ಮರಣೋದ್ಯಾನದಲ್ಲಿ 1971ರಲ್ಲಿ ಇರಿಸಿದ ಒಷೀನ್ ಕೆಲ್ಲಿಯವರ ಕಂಚಿನ ಶಿಲ್ಪವನ್ನು ಅವರಿಗೆ ತೋರಿಸಬಹುದು. ಬೀಳುತ್ತಿರುವ ಮಾನವರು ಕೆಳಗೆ, ಏಳುತ್ತಿರುವ ಹಂಸಗಳು ಮೇಲೆ. ಸ್ವಾತಂತ್ರ್ಯಕ್ಕಾಗಿ ಮಡಿದವರ ನೆನಪಿಗೆ ಆ ನಾಡು ಆರಿಸಿಕೊಂಡುದು ಇದೇ ಮಕ್ಕಳ ಕಥೆಯನ್ನು. ಸುಖಾಂತವಾಗಿದ್ದರೆ ಅದನ್ನು ಆರಿಸುತ್ತಿದ್ದರೇ?

ಇನ್ನೊಂದು ಆಕ್ಷೇಪವನ್ನು ಮುಚ್ಚಿಡಬಾರದು. ಕೇಳಿದ ಕಥೆಯಲ್ಲಿ ಪ್ರತಿ ಮಗುವಿಗೂ ತನ್ನದೇ ಫಿಯೊನುವಾಲ ಇರುತ್ತಾಳೆ. ಚಿತ್ರವಾದೊಡನೆ ಒಂದೇ ಮುಖ ಗಟ್ಟಿಯಾಗಿ, ಉಳಿದ ನೂರು ಮುಖಗಳು ಅಳಿಸಿಹೋಗುತ್ತವೆ. ದೊಡ್ಡ ಸಂಸ್ಥೆಯ ಚಿತ್ರ ದೇಶದೇಶಕ್ಕೂ ಹೋದಾಗ ಈ ಹಾನಿ ದೊಡ್ಡದು. ಆದರೆ ತರಗತಿಯಲ್ಲಿ ಏಳು ಗುಂಪುಗಳು ಒಂದೇ ಕಥೆಯನ್ನು ಏಳು ಬಗೆಯಲ್ಲಿ ಮಾಡುತ್ತವೆ. ಏಳು ಈಫಾಗಳು, ಇಪ್ಪತ್ತೆಂಟು ಹಂಸಗಳು. ಯಾವುದು ನಿಜವಾದದ್ದು ಎಂಬ ಜಗಳವೂ ಆಗುತ್ತದೆ. 1937ರ ಹಸ್ತಪ್ರತಿಗಳಲ್ಲಿ ಒಂದೇ ಕಥೆ ಊರೂರಿಗೆ ಬೇರೆಯಾಗಿರುವುದನ್ನು ತೋರಿಸಿದರೆ ಆ ಜಗಳ ತಾನೇ ತಣ್ಣಗಾಗುತ್ತದೆ. ಮಾಡಿದ ಚಿತ್ರವನ್ನು ನೋಡುವುದಕ್ಕಿಂತ ಚಿತ್ರವನ್ನು ಮಾಡುವುದು ಮಗುವಿಗೆ ಹಿತವೆನ್ನಲು ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.

ದನಿಯ ವಿಚಾರಕ್ಕೆ ಬರೋಣ. ಅನಿಮೇಷನ್ನಿನಲ್ಲಿ ಮೊದಲು ದನಿಯನ್ನು ಹಿಡಿದು, ಆಮೇಲೆ ಅದಕ್ಕೆ ಹೊಂದುವಂತೆ ಚಿತ್ರ ಬರೆಯುವುದು ವಾಡಿಕೆ. ಡಬ್ಲಿನ್ನಿನ ಒಂದು ಶಾಲೆಯ ಶಿಕ್ಷಕಿಯ ತರಗತಿಯಲ್ಲಿ 1960ರ ದಶಕದಲ್ಲಿ ಪುಟ್ಟ ಮಕ್ಕಳು ಬೈಬಲ್ಲಿನ ಕಥೆಗಳನ್ನು ತಮ್ಮ ಬೀದಿಯ ಮಾತಿನಲ್ಲಿ ಹೇಳಿದ್ದನ್ನು ಧ್ವನಿಮುದ್ರಿಸಿಟ್ಟಿದ್ದರು. ದಶಕಗಳ ಬಳಿಕ ಬ್ರೌನ್ ಬ್ಯಾಗ್ ಎಂಬ ಸಂಸ್ಥೆ ಆ ದನಿಗೇ ಚಿತ್ರ ಹೊಂದಿಸಿ 'ಗಿವ್ ಅಪ್ ಯೆರ್ ಔಲ್ ಸಿನ್ಸ್' ಎಂಬ ಕಿರುಚಿತ್ರ ಮಾಡಿತು. 2002ರಲ್ಲಿ ಅದೂ ಆಸ್ಕರ್ ಪಟ್ಟಿಗೆ ಹೋಯಿತು. ಮಗುವಿನ ತೊದಲು, ಉಸಿರು, ಮರೆತು ಮತ್ತೆ ನೆನೆವ ಗಳಿಗೆ, ಇವೇ ಅದರ ಸೊಗಸು. ಮೇಣ ಕೆರೆದು ಕಳೆದುಕೊಂಡದ್ದಕ್ಕೆ ಪ್ರತಿಯಾಗಿ ಇಲ್ಲಿ ದನಿಯೇ ಉಳಿದು ಚಿತ್ರವನ್ನು ಹುಟ್ಟಿಸಿತು. ಆದುದರಿಂದ ಬಲ್ಲ ಶಿಕ್ಷಕರು ಮಕ್ಕಳನ್ನು ಮೊದಲು ಅಜ್ಜಿಯ ಬಳಿಗೆ ಕಳಿಸುತ್ತಾರೆ. ಆಕೆ ಹೇಳಿದುದನ್ನು ಮೊಬೈಲಿನಲ್ಲಿ ಹಿಡಿದು ತರಬೇಕು. ಬಣ್ಣ, ಕುಂಚಗಳೆಲ್ಲ ಆಮೇಲೆ.

ಆದರೆ ಅಜ್ಜಿ ಯಾವ ಭಾಷೆಯಲ್ಲಿ ಹೇಳಿಯಾಳು? ಸಂಕಟವಿರುವುದು ಇಲ್ಲಿಯೇ. 2022ರ ಜನಗಣತಿಯಲ್ಲಿ ಐರಿಷ್ ಬಲ್ಲೆವೆಂದವರು ಸುಮಾರು 18 ಲಕ್ಷ 74 ಸಾವಿರ. ಶಾಲೆಯ ಹೊರಗೆ ದಿನವೂ ಅದನ್ನು ಆಡುವವರು 71,968 ಮಂದಿ ಮಾತ್ರ. ಎಲ್ಲರೂ ಶಾಲೆಯಲ್ಲಿ ಕಲಿಯುವ, ಆದರೆ ಅಡುಗೆಮನೆಯಲ್ಲಿ ಆಡದ ಭಾಷೆ! ಒಂದು ನಿಮಿಷದ ಚಿತ್ರಕ್ಕೆ ಹತ್ತು ವಾಕ್ಯ ಐರಿಷ್ ಮಾತು ಸಾಕು. ಆ ಹತ್ತು ವಾಕ್ಯಗಳನ್ನು ತುಟಿಯ ಚಲನೆಗೆ ಹೊಂದಿಸಲು ಮಗು ನೂರು ಸಲ ಕೇಳುತ್ತದೆ, ಐವತ್ತು ಸಲ ಆಡುತ್ತದೆ. ವ್ಯಾಕರಣದ ಬಾಯಿಪಾಠದಿಂದ ಆಗದ್ದು ಹಂಸದ ಕೊಕ್ಕಿನಿಂದ ಆದೀತೆಂಬ ಆಸೆ ಅಲ್ಲಿನ ಹಲವರದು. ಇದೊಂದರಿಂದಲೇ ಭಾಷೆ ಉಳಿಯುತ್ತದೆಂದು ನಾನು ನಂಬಲಾರೆ. ಆದರೆ ಆ ಹತ್ತು ವಾಕ್ಯಗಳಾದರೂ ಆ ಮಗುವಿನ ನಾಲಗೆಯ ಮೇಲೆ ನಿಂತವಲ್ಲ.

ತಾಯ್ನುಡಿಯನ್ನು ಕಳೆದುಕೊಂಡ ನೋವನ್ನು ಬಲ್ಲ ಆ ದೇಶದ ಒಬ್ಬರಿಗೆ ಕನ್ನಡಿಗರು ಋಣಿಗಳು ಎಂಬುದನ್ನು ಇಲ್ಲಿ ನೆನೆಯದಿರಲಾಗದು. ಐರಿಷ್ ಸಾಹಿತ್ಯ ಪುನರುಜ್ಜೀವನದ ಗಾಳಿಯಲ್ಲಿ ಬೆಳೆದ ಕವಿ ಜೇಮ್ಸ್ ಕಸಿನ್ಸ್ 1920ರ ದಶಕದಲ್ಲಿ ಮೈಸೂರಿಗೆ ಬಂದಾಗ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಪುಟ್ಟಪ್ಪನವರು ಅವರಿಗೆ ತಮ್ಮ ರಚನೆಗಳನ್ನು ತೋರಿಸಿದರು. ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕಸಿನ್ಸ್ ಕೇಳಿದ್ದು, ಅದರಿಂದ ಕುವೆಂಪು ಕನ್ನಡಕ್ಕೆ ತಿರುಗಿದ್ದು ನಮ್ಮ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಸಂಗತಿ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ರೂಪಿಸುವುದರಲ್ಲಿಯೂ ಇದೇ ಕಸಿನ್ಸ್ ಅವರ ಕೈಯಿತ್ತು. ಆ ಮಾತನ್ನು ಒಬ್ಬ ಇಂಗ್ಲಿಷರವನು ಹೇಳುವುದಕ್ಕೂ ಒಬ್ಬ ಐರಿಷ್ ಮನುಷ್ಯ ಹೇಳುವುದಕ್ಕೂ ವ್ಯತ್ಯಾಸವಿದೆ.

ಇಂದಿನ ಐರ್ಲೆಂಡಿನ ತರಗತಿಗಳಲ್ಲಿ ಐರಿಷ್ ಮನೆಯ ಮಕ್ಕಳು ಮಾತ್ರ ಇಲ್ಲ. ಪೋಲೆಂಡ್, ಬ್ರೆಜಿಲ್, ನೈಜೀರಿಯಾ, ಉಕ್ರೇನ್, ಭಾರತ ಮೊದಲಾದ ದೇಶಗಳಿಂದ ಹೋದವರ ಮಕ್ಕಳೂ ಅಲ್ಲಿ ಕುಳಿತಿದ್ದಾರೆ. ಆಸ್ಪತ್ರೆಗಳಲ್ಲಿ, ಗಣಕಯಂತ್ರದ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರ ಮಕ್ಕಳೂ ಉಂಟು. ಈ ಮಕ್ಕಳಿಗೆ ಅಲ್ಲಿನ ಅಜ್ಜಿಯಿಲ್ಲ. ಕಥೆ ಕೇಳಿ ಬಾ ಎಂದರೆ ಯಾರನ್ನು ಕೇಳಬೇಕು? ಕೆಲವು ಶಿಕ್ಷಕರು ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿದ್ದಾರೆ: ಹಕ್ಕಿಯಾಗುವ ಹುಡುಗಿ, ಚರ್ಮ ಕಳಚುವ ಜೀವ, ಮಾತನಾಡುವ ಮೀನು ನಿಮ್ಮ ಮನೆಯ ಕಥೆಗಳಲ್ಲಿಯೂ ಇದೆಯೇ, ದೂರವಾಣಿಯಲ್ಲಿ ನಿಮ್ಮ ಊರಿನ ಅಜ್ಜಿಯನ್ನೇ ಕೇಳಿ ಬನ್ನಿ ಎನ್ನುತ್ತಾರೆ. ಅಂತಹ ಕರೆ ಬಂದರೆ ಇಲ್ಲಿರುವ ಅಜ್ಜಿಯರು ಗಡಿಬಿಡಿ ಮಾಡದೆ, ನಿಧಾನವಾಗಿ, ಪೂರ್ತಿ ಕಥೆ ಹೇಳಲಿ. ಅತ್ತ ಕಡೆ ಅದು ಮುದ್ರಣವಾಗುತ್ತಿರಬಹುದು!

ಕೊನೆಯದಾಗಿ ಒಂದು ಮುಳ್ಳುಗಿಡದ ಸಂಗತಿ. ಅಲ್ಲಿನ ಹಾಥಾರ್ನ್ ಎಂಬ ಒಂಟಿ ಮುಳ್ಳುಮರಗಳು ಯಕ್ಷಿಣಿಯರ ನೆಲೆ, ಅವನ್ನು ಕಡಿಯಬಾರದು ಎಂದು ಹಳಬರ ನಂಬಿಕೆ. 1999ರಲ್ಲಿ ಕ್ಲೇರ್ ಕೌಂಟಿಯ ಲಟೂನ್ ಎಂಬಲ್ಲಿ ಹೆದ್ದಾರಿಗಾಗಿ ಅಂತಹದೊಂದು ಗಿಡವನ್ನು ಕಡಿಯುವ ಯೋಜನೆ ಬಂತು. ಎಡ್ಡಿ ಲೆನಿಹಾನ್ ಎಂಬ ಕಥೆಗಾರರು ಪತ್ರಿಕೆಗೆ ಬರೆದು, ಊರೂರು ಹೇಳಿ ಅದನ್ನು ತಡೆದರು. ಎಂಜಿನಿಯರುಗಳು ನಕ್ಷೆ ತಿದ್ದಿದರು. ಗಿಡಕ್ಕೆ ಬೇಲಿ ಹಾಕಿದರು. 2002ರಲ್ಲಿ ಯಾರೋ ಅದರ ಕೊಂಬೆಗಳನ್ನು ಕತ್ತರಿಸಿ ಹೋದರು. ಗಿಡ ಮತ್ತೆ ಚಿಗುರಿತು. ಈ ಪ್ರಸಂಗ ತರಗತಿಗೆ ಬಹಳ ಒದಗುತ್ತದೆ. ಗಿಡ ಚಿಗುರುವುದನ್ನು ಅನಿಮೇಷನ್ನಿನಲ್ಲಿ ತೋರಿಸುವುದು ಸುಲಭ. ಕೊಂಬೆಯ ತುದಿಗೆ ಒಂದೊಂದೇ ಹಸಿರು ಚೂರನ್ನು ಅಂಟಿಸುತ್ತ ಚಿತ್ರ ತೆಗೆಯುತ್ತ ಹೋದರೆ ಆಯಿತು. ಪುಟ್ಟ ತರಗತಿಯವರೂ ಮಾಡಬಲ್ಲರು.

1937ರ ಆ ಹಸ್ತಪ್ರತಿಗಳು ಈಗ 'ಡೂಖಸ್' ಎಂಬ ಹೆಸರಿನಲ್ಲಿ ಗಣಕಯಂತ್ರದ ಮೂಲಕ ಎಲ್ಲರಿಗೂ ತೆರೆದಿವೆ. ಊರಿನ ಹೆಸರನ್ನು ಕೊಟ್ಟರೆ ಆ ಊರಿನ ಶಾಲೆಯ ಪುಟಗಳು ಬರುತ್ತವೆ. ಎಷ್ಟೋ ಪುಟಗಳ ಕೆಳಗೆ ಬರೆದ ಮಗುವಿನ ಹೆಸರೂ ಕಥೆ ಹೇಳಿದ ಹಿರಿಯರ ಹೆಸರೂ ವಯಸ್ಸೂ ಇವೆ. ಹಳೆಯ ಕೈಬರಹವನ್ನು ಓದಿ ಅಚ್ಚಿನ ಅಕ್ಷರಕ್ಕಿಳಿಸುವ ಕೆಲಸವನ್ನು ಜನರೇ ಬಿಡುವಿನ ವೇಳೆಯಲ್ಲಿ, ಕೂಲಿಯಿಲ್ಲದೆ ಮಾಡುತ್ತಿದ್ದಾರೆ. ಚಿತ್ರ ಬರೆಯಿಸುವ ಶಿಕ್ಷಕರು ಮೊದಲ ದಿನ ಬಣ್ಣದ ಪೆಟ್ಟಿಗೆಯನ್ನು ತೆರೆಯುವುದಿಲ್ಲ. ತಮ್ಮ ಶಾಲೆಯ ಹೆಸರನ್ನು ಅಲ್ಲಿ ಹುಡುಕಿ, ಅದೇ ಊರಿನಲ್ಲಿ, ತಮ್ಮದೇ ವಯಸ್ಸಿನ ಒಂದು ಮಗು ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಶಾಯಿಯಲ್ಲಿ ಬರೆದ ಒಂದು ಪುಟವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸುತ್ತಾರೆ.